ಸುಟ್ಟ ಗಾಯ: ಮನೆಯ ನಲ್ಲಿಯಿಂದ ಕ್ಯಾಶುವಾಲ್ಟಿಯ ಡ್ರಿಪ್‌ವರೆಗೆ

ಸುಟ್ಟವರನ್ನು ಆಸ್ಪತ್ರೆಗೆ ತಂದ ಕೂಡಲೇ ಎಲ್ಲರ ಕಣ್ಣೂ ಚರ್ಮದ ಮೇಲೆ ಬೀಳುತ್ತದೆ. ಸುಲಿದ ಚರ್ಮ, ಗುಳ್ಳೆ, ಕರಕಲು ನೋಡಿ ಮನೆಯವರು ಕಂಗಾಲಾಗುತ್ತಾರೆ. ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರೂ ಒಮ್ಮೊಮ್ಮೆ ಗಾಯದ ಆರೈಕೆಗೇ ಕೈಹಾಕಿಬಿಡುತ್ತಾರೆ. ಆದರೆ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ಊದಿಕೊಂಡು ಮುಚ್ಚುವ ಗಂಟಲು, ರಕ್ತಕ್ಕೆ ಸೇರಿದ ಹೊಗೆಯ ವಿಷ, ರಕ್ತನಾಳಗಳಿಂದ ಸೋರಿಹೋಗುವ ನೀರು. ಆದ್ದರಿಂದ ಗಾಯಕ್ಕೆ ಮುಲಾಮು ಹುಡುಕುವ ಮೊದಲು ಮನುಷ್ಯನನ್ನು ನೋಡಿ. ಈ ಬರಹದ ಎಲ್ಲ ಹಂತಗಳೂ ಅದೇ ಕ್ರಮದಲ್ಲಿವೆ.

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನರಿಗೆ ಸುಟ್ಟ ಗಾಯಗಳಾಗುತ್ತವೆ, ಸುಮಾರು 1.4 ಲಕ್ಷ ಮಂದಿ ಸಾಯುತ್ತಾರೆ ಎಂದು ಕೇಂದ್ರ ಸರ್ಕಾರದ ಸುಟ್ಟ ಗಾಯ ತಡೆ ಕಾರ್ಯಕ್ರಮ ಅಂದಾಜು ಮಾಡಿದೆ. ಇವರಲ್ಲಿ ಬಹಳ ಮಂದಿ ಮೊದಲು ಮುಟ್ಟುವುದು ದೊಡ್ಡ ಬರ್ನ್ಸ್ ವಾರ್ಡನ್ನಲ್ಲ. ತಾಲ್ಲೂಕು ಆಸ್ಪತ್ರೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಊರಿನ ಸಣ್ಣ ನರ್ಸಿಂಗ್ ಹೋಮನ್ನು. ಮೊದಲ ಭಾಗ ಮನೆಯವರಿಗೆ, ನಡುವಿನ ಭಾಗ ಡ್ಯೂಟಿಯಲ್ಲಿರುವ ಡಾಕ್ಟರು ಮತ್ತು ಸಿಸ್ಟರುಗಳಿಗೆ. ಮನೆಯವರು ನಡುವಿನದನ್ನೂ ಓದಿ. ಆಸ್ಪತ್ರೆಯಲ್ಲಿ ಏನು ಕೇಳಬೇಕು ಎಂಬುದು ಅದರಿಂದ ಗೊತ್ತಾಗುತ್ತದೆ.

ಮೊದಲ ಇಪ್ಪತ್ತು ನಿಮಿಷ

ಬಟ್ಟೆಗೆ ಬೆಂಕಿ ಹತ್ತಿದವರು ಗಾಬರಿಯಲ್ಲಿ ಓಡುತ್ತಾರೆ. ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಮುಖದತ್ತ ಏರುತ್ತದೆ. ಅವರನ್ನು ನೆಲಕ್ಕೆ ಮಲಗಿಸಿ ಉರುಳಿಸಿ, ನೀರು ಸುರಿಯಿರಿ, ಇಲ್ಲವೇ ಉಣ್ಣೆಯ ಕಂಬಳಿ ಅಥವಾ ದಪ್ಪ ಹತ್ತಿ ಜಮಖಾನ ಹೊದಿಸಿ ಉರಿ ಆರಿಸಿ. ನೈಲಾನ್, ಪಾಲಿಯೆಸ್ಟರ್ ಹೊದಿಕೆ ಬೇಡ, ಕರಗಿ ಮೈಗೆ ಅಂಟುತ್ತದೆ. ಉರಿ ಆರಿದ ಮೇಲೆ ಹೊದಿಕೆ ತೆಗೆಯಿರಿ. ಹಾಗೇ ಸುತ್ತಿಟ್ಟರೆ ಒಳಗಿನ ಬಿಸಿ ಚರ್ಮವನ್ನು ಬೇಯಿಸುತ್ತಲೇ ಇರುತ್ತದೆ.

ಆಮೇಲೆ ನಲ್ಲಿ ನೀರು. ಸುಟ್ಟ ಭಾಗವನ್ನು ಹರಿಯುವ ತಣ್ಣನೆಯ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಐದು ನಿಮಿಷಕ್ಕೆ ಉರಿ ತಗ್ಗಿತೆಂದು ಕೈ ತೆಗೆದರೆ ಸಾಲದು, ಗಡಿಯಾರ ನೋಡಿಕೊಂಡೇ ಇಪ್ಪತ್ತು ನಿಮಿಷ. ಬೆಂಕಿ ಆರಿದ ಮೇಲೂ ಚರ್ಮದ ಒಳಪದರದಲ್ಲಿ ಬಿಸಿ ಉಳಿದು ಗಾಯವನ್ನು ಆಳಕ್ಕಿಳಿಸುತ್ತಿರುತ್ತದೆ, ನೀರು ಅದನ್ನು ಹೊರಗೆಳೆಯುತ್ತದೆ. ಉರಿ ತಗ್ಗುತ್ತದೆ, ಬಾವು ಕಡಿಮೆಯಾಗುತ್ತದೆ, ಮುಂದೆ ಚರ್ಮ ಕಸಿ ಬೇಕಾಗುವ ಸಂಭವವೂ ಇಳಿಯುತ್ತದೆ. ಸುಟ್ಟ ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಲಾಭವಿದೆ. ಮನೆಯಲ್ಲಿ ಮಾಡದೆ ಬಂದಿದ್ದರೆ ಆಸ್ಪತ್ರೆಯ ಸಿಂಕಿನಲ್ಲೇ ಮಾಡಿಸಿ. ನಲ್ಲಿ ಇಲ್ಲದ ತೋಟದಲ್ಲಿ ಕೊಡದಿಂದ ಚೊಂಬು ಚೊಂಬಾಗಿ ಹೊಯ್ಯುತ್ತಿರಿ.

ಐಸ್ ಇಡಬೇಡಿ. ಅದು ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ ಇನ್ನಷ್ಟು ಜೀವಕೋಶಗಳನ್ನು ಸಾಯಿಸುತ್ತದೆ. ಮಗುವಿಗೆ ಅಥವಾ ಮೈಯ ದೊಡ್ಡ ಭಾಗ ಸುಟ್ಟವರಿಗೆ ನೀರು ಹಾಕುವಾಗ ಇನ್ನೊಂದು ಎಚ್ಚರ ಬೇಕು. ಸುಟ್ಟ ಜಾಗ ಮಾತ್ರ ತಣಿಸಿ, ಉಳಿದ ಮೈಗೆ ಒಣ ಬಟ್ಟೆ ಹೊದಿಸಿ. ನಡುಕ ಶುರುವಾದರೆ ನೀರು ನಿಲ್ಲಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಹೃದಯಕ್ಕೂ ತೊಂದರೆ.

ನೀರು ಹರಿಯುತ್ತಿರುವಾಗಲೇ ಬಳೆ, ಉಂಗುರ, ಗಡಿಯಾರ, ಕಾಲುಂಗುರ, ಗೆಜ್ಜೆ, ಉಡಿದಾರ, ಮಣಿಕಟ್ಟಿನ ಕಪ್ಪು ದಾರ ಎಲ್ಲವನ್ನೂ ಬಿಚ್ಚಿ ಅಥವಾ ಕತ್ತರಿಸಿ. ಅರ್ಧ ಗಂಟೆಯಲ್ಲಿ ಬೆರಳು ಊದಿಕೊಂಡರೆ ಉಂಗುರ ಬರುವುದಿಲ್ಲ, ಒಳಗೆ ರಕ್ತ ಹೋಗದೆ ಬೆರಳೇ ಹೋಗಬಹುದು. ಕಾಲುಂಗುರ, ಮಾಂಗಲ್ಯ ತೆಗೆಯಲು ಮನೆಯವರು ಹಿಂಜರಿಯುವುದುಂಟು. ಅವರ ಭಾವನೆ ನೋಯಿಸದೆ, ಆದರೆ ತಡಮಾಡದೆ, ತೆಗೆದು ಅವರ ಕೈಗೇ ಕೊಡಿ. ಬಟ್ಟೆ ಸಡಿಲವಾಗಿದ್ದರೆ ತೆಗೆಯಿರಿ. ಮೈಗೆ ಅಂಟಿದ್ದರೆ ಎಳೆಯಬೇಡಿ, ಅಂಟಿದ ಚೂರನ್ನು ಬಿಟ್ಟು ಸುತ್ತಲಿನದನ್ನು ಕತ್ತರಿಯಲ್ಲಿ ಕತ್ತರಿಸಿ.

ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ, ಕಾಫಿ ಪುಡಿ, ಮೊಟ್ಟೆಯ ಬಿಳಿ, ದೋಸೆ ಹಿಟ್ಟು ಹಚ್ಚಿಕೊಂಡು ಬರುವವರು ಈಗಲೂ ಇದ್ದಾರೆ. ಹಚ್ಚಿದವರು ಪ್ರೀತಿಯಿಂದಲೇ ಹಚ್ಚಿರುತ್ತಾರೆ, ಬೈಯಬೇಡಿ. ಆದರೆ ಹುದುಗಿದ ದೋಸೆ ಹಿಟ್ಟಿನಲ್ಲಿರುವುದು ಜೀವಂತ ಸೂಕ್ಷ್ಮಾಣುಗಳು. ಇಂಕು, ಅರಿಶಿನ ಗಾಯದ ಬಣ್ಣವನ್ನೇ ಮುಚ್ಚಿಬಿಡುತ್ತವೆ, ಬಣ್ಣ ಕಾಣದಿದ್ದರೆ ಡಾಕ್ಟರಿಗೆ ಆಳ ಗೊತ್ತಾಗುವುದಿಲ್ಲ. ಒಣಗಿ ಹಿಡಿದ ಪೇಸ್ಟನ್ನು ಉಜ್ಜಿ ತೆಗೆಯುವಾಗ ರೋಗಿ ಪಡುವ ಪಾಡು ನೋಡಿದವರು ಮತ್ತೆಂದೂ ಅದನ್ನು ಹಚ್ಚಲಾರರು.

ಬಾಳೆ ಎಲೆಯ ವಿಷಯ ಬೇರೆ. ಗಾಯಕ್ಕೆ ಅಂಟದ ಅದರ ನುಣುಪನ್ನು ಗಮನಿಸಿ ಮುಂಬೈಯ ವೈದ್ಯರು ಸುಟ್ಟ ಗಾಯದ ಡ್ರೆಸ್ಸಿಂಗ್ ಆಗಿ ಅದನ್ನು ಬಳಸಿ ನೋಡಿದ್ದಾರೆ, ಫಲಿತಾಂಶ ಚೆನ್ನಾಗಿಯೇ ಬಂದಿದೆ. ಆದರೆ ಅದು ಆಸ್ಪತ್ರೆಯಲ್ಲಿ ಸಿದ್ಧಪಡಿಸಿ, ಕ್ರಿಮಿಶುದ್ಧ ಮಾಡಿದ ಎಲೆ. ಹಿತ್ತಲಿನಿಂದ ಕೊಯ್ದು ತಂದದ್ದಲ್ಲ.

ತಣಿಸಿದ ಮೇಲೆ ಮುಚ್ಚಿ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಇದ್ದರೆ ಅದೇ ಚೆನ್ನ. ಮೊದಲ ಸುತ್ತು ಬಿಸಾಕಿ, ಉಳಿದದ್ದನ್ನು ಗಾಯದ ಮೇಲೆ ಹಾಸಿ, ಬಿಗಿಯಾಗಿ ಸುತ್ತಬೇಡಿ. ಇಲ್ಲದಿದ್ದರೆ ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆಯ ಹತ್ತಿ ಪಂಚೆ ಸಾಕು. ಹತ್ತಿ ಉಂಡೆ ಇಡಬೇಡಿ, ಎಳೆ ಕಿತ್ತು ಅಂಟಿಕೊಳ್ಳುತ್ತದೆ. ಗುಳ್ಳೆ ಒಡೆಯಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆ ದೂರವಿದ್ದು, ರೋಗಿಗೆ ಪೂರ್ಣ ಎಚ್ಚರವಿದ್ದು, ವಾಂತಿಯಿಲ್ಲದಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಬಹುದು.

ಒಂದು ಚೀಟಿಯಲ್ಲಿ ಮೂರು ವಿಷಯ ಬರೆದುಕೊಳ್ಳಿ: ಸುಟ್ಟದ್ದು ಎಷ್ಟು ಗಂಟೆಗೆ, ಯಾವುದರಿಂದ, ಮುಚ್ಚಿದ ಕೋಣೆಯಲ್ಲೋ ಬಯಲಿನಲ್ಲೋ. ಮೊದಲನೆಯದು ಎಷ್ಟು ಮುಖ್ಯವೆಂದರೆ ಮುಂದೆ ಡ್ರಿಪ್ಪಿನ ಲೆಕ್ಕವೆಲ್ಲ ಅದರ ಮೇಲೇ ನಿಲ್ಲುತ್ತದೆ.

ಆಲೆಮನೆಯ ಪಾಕ

ಮಂಡ್ಯ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಬೆಲ್ಲದ ಪಾಕದಿಂದಾದ ಗಾಯ ಬಿಸಿನೀರಿನ ಗಾಯದಂತಲ್ಲ. ಕುದಿಯುವ ನೀರು 100 ಡಿಗ್ರಿಯಲ್ಲಿ ನಿಲ್ಲುತ್ತದೆ ಮತ್ತು ಮೈಮೇಲಿಂದ ಹರಿದುಹೋಗುತ್ತದೆ. ಹದಕ್ಕೆ ಬಂದ ಪಾಕ 115–120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೈಗೆ ಬಿದ್ದರೆ ಅಂಟಿಕೊಂಡು, ಮೇಲೆ ಗಟ್ಟಿಯಾಗಿ, ಒಳಗೆ ಸುಡುತ್ತಲೇ ಇರುತ್ತದೆ. ಕೊಪ್ಪರಿಗೆ ಇಳಿಸುವಾಗ ಮುಂಗೈಗೆ ಚೆಲ್ಲಿಕೊಂಡವನ ಮೊದಲ ಪ್ರತಿಕ್ರಿಯೆ ಇನ್ನೊಂದು ಕೈಯಿಂದ ಅದನ್ನು ಬಳಿದು ಹಾಕುವುದು. ಬಳಿದರೆ ಪಾಕದ ಜೊತೆ ಚರ್ಮವೂ ಬರುತ್ತದೆ, ಆ ಕೈಯ ಬೆರಳುಗಳೂ ಸುಡುತ್ತವೆ. ಕೈಯನ್ನು ಸೀದಾ ನೀರಿನ ತೊಟ್ಟಿಗೆ ಅದ್ದಿ, ಆಮೇಲೆ ಹರಿಯುವ ನೀರಿಗೆ ಹಿಡಿಯಬೇಕು. ಬೆಲ್ಲ ನೀರಿನಲ್ಲಿ ಕರಗುವ ಪದಾರ್ಥ. ತಣಿಸುವ ನೀರೇ ಇಪ್ಪತ್ತು ನಿಮಿಷದಲ್ಲಿ ಅದನ್ನು ಬಿಡಿಸಿಬಿಡುತ್ತದೆ. ರಸ್ತೆಯ ಡಾಂಬರು ಹಾಗಲ್ಲ. ಅದನ್ನು ತಣಿಸಿ ಹಾಗೇ ಬಿಡಿ, ಆಸ್ಪತ್ರೆಯಲ್ಲಿ ಎಣ್ಣೆ ಅಥವಾ ಪ್ಯಾರಾಫಿನ್ ಹಚ್ಚಿ ನಿಧಾನವಾಗಿ ಬಿಡಿಸುತ್ತಾರೆ.

ಕ್ಯಾಶುವಾಲ್ಟಿಯಲ್ಲಿ ಮೊದಲು ಉಸಿರು

ರೋಗಿಯನ್ನು ಮಾತಾಡಿಸಿ. ದನಿ ಒಡೆದಿದೆಯೇ, ಗೊಗ್ಗರಾಗಿದೆಯೇ? ಉಸಿರೆಳೆಯುವಾಗ ಸೀಟಿಯಂಥ ಸದ್ದು ಬರುತ್ತಿದೆಯೇ? ಹುಬ್ಬು, ಮೂಗಿನ ಕೂದಲು ಸುಟ್ಟಿವೆಯೇ? ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ, ನಾಲಗೆ ಮೇಲೆ, ಗಂಟಲಲ್ಲಿ ಮಸಿ ಇದೆಯೇ? ಕಫ ಕಪ್ಪಾಗಿದೆಯೇ? ಮುಚ್ಚಿದ ಕೋಣೆಯಲ್ಲಿ ಸಿಕ್ಕಿಕೊಂಡಿದ್ದರು ಎಂಬುದರ ಜೊತೆ ಇವುಗಳಲ್ಲಿ ಒಂದೆರಡು ಕಂಡರೂ ಉಸಿರಿನ ದಾರಿ ಸುಟ್ಟಿದೆಯೆಂದೇ ಹಿಡಿಯಬೇಕು. ಈಗ ಚೆನ್ನಾಗಿ ಮಾತಾಡುತ್ತಿರುವವರ ಗಂಟಲು ಕೆಲವೇ ಗಂಟೆಗಳಲ್ಲಿ ಊದಿ ಮುಚ್ಚಿಕೊಳ್ಳಬಹುದು. ಆಗ ಉಸಿರಿನ ಟ್ಯೂಬ್ ಹಾಕಲು ಹೋದರೆ ದಾರಿಯೇ ಕಾಣುವುದಿಲ್ಲ. ಅರಿವಳಿಕೆ ತಜ್ಞರನ್ನು ಬೇಗ ಕರೆಸಿ, ಸುಲಭವಿದ್ದಾಗಲೇ ಟ್ಯೂಬ್ ಹಾಕಿಸಿ. ದೂರದ ಆಸ್ಪತ್ರೆಗೆ ಕಳಿಸುವುದಾದರಂತೂ ಈ ನಿರ್ಧಾರ ಆಂಬುಲೆನ್ಸ್ ಹೊರಡುವ ಮೊದಲೇ ಆಗಬೇಕು.

ಹೊಗೆಯ ಇನ್ನೊಂದು ವಿಷ ಕಾರ್ಬನ್ ಮಾನಾಕ್ಸೈಡ್. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿ ಕೂರುತ್ತದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ರೋಗಿ ತೂಕಡಿಸುತ್ತಿದ್ದರೂ ಯಂತ್ರ 99 ಎಂದು ತೋರಿಸಬಹುದು. ಆ ಅಂಕಿ ನಂಬಿ ಆಮ್ಲಜನಕ ತೆಗೆದುಬಿಟ್ಟರೆ ಅನಾಹುತ. ಮಾಮೂಲಿ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ರಿಸರ್ವಾಯರ್ ಮಾಸ್ಕಿನಲ್ಲಿ (ಚೀಲ ಜೋಡಿಸಿದ ಮಾಸ್ಕ್) ನಿಮಿಷಕ್ಕೆ 15 ಲೀಟರ್ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆಯ ಆಸುಪಾಸಿಗೆ ಬರುತ್ತದೆ. ತಲೆನೋವು, ವಾಂತಿ, ಗೊಂದಲ ಇರುವವರಿಗೆಲ್ಲ ಇದು ಸಿಗಬೇಕು. ಫೋಮ್ ಹಾಸಿಗೆ, ಪ್ಲಾಸ್ಟಿಕ್ ಉರಿದ ಕೋಣೆಯಿಂದ ಬಂದವರು ಇಷ್ಟಾದರೂ ಎಚ್ಚರಗೊಳ್ಳದಿದ್ದರೆ ಸಯನೈಡ್ ವಿಷವನ್ನೂ ಯೋಚಿಸಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದ ಬೆಂಕಿ ದುರಂತದಲ್ಲಿ ಒಂಬತ್ತು ಮಂದಿ ಸತ್ತರು. ಅಲ್ಲಿ ಜನರನ್ನು ಕಿಟಕಿ ಒಡೆದು ಜಿಗಿಯುವಂತೆ ಮಾಡಿದ್ದು ಹೊಗೆ. ಬಚ್ಚಲುಮನೆಯ ಬಾಗಿಲು ಮುಚ್ಚಿ ಗ್ಯಾಸ್ ಗೀಸರ್ ಹಾಕಿಕೊಂಡವರು ಕುಸಿದು ಬೀಳುವುದೂ ಇದೇ ವಿಷದಿಂದ, ಅಲ್ಲಿ ಸುಟ್ಟ ಗಾಯ ಒಂದೂ ಇರುವುದಿಲ್ಲ.

ಎದೆಯ ಸುತ್ತ ಪೂರ್ತಿ ಆಳವಾಗಿ ಸುಟ್ಟಿದ್ದರೆ ಸತ್ತ ಚರ್ಮ ಬಿಗಿದುಕೊಂಡು ಎದೆ ಏಳದಂತಾಗುತ್ತದೆ. ಕೈಕಾಲಿನ ಸುತ್ತ ಹಾಗಾಗಿದ್ದರೆ ಮುಂದಕ್ಕೆ ರಕ್ತ ಹೋಗುವುದಿಲ್ಲ. ಬೆರಳು ತಣ್ಣಗಾಗಿ, ಜೋಮು ಹಿಡಿದು, ಅಲ್ಲಿಟ್ಟ ಆಕ್ಸಿಮೀಟರಿನ ಅಲೆ ಮಾಯವಾಗುತ್ತದೆ. ಆ ಗಟ್ಟಿ ಚರ್ಮವನ್ನು ಉದ್ದಕ್ಕೆ ಸೀಳಿ ಸಡಿಲ ಮಾಡುವ ಶಸ್ತ್ರಕ್ರಿಯೆ ಎಸ್ಕರಾಟಮಿ. ಬರ್ನ್ಸ್ ಸರ್ಜನ್‌ಗೆ ಫೋನ್ ಮಾಡಿ ಕೇಳಿ, ಕೈಕಾಲನ್ನು ಎತ್ತರಕ್ಕಿಡಿ, ಗಂಟೆಗೊಮ್ಮೆ ನಾಡಿ ನೋಡಿ.

ಬೆಂಕಿಯ ಜೊತೆ ಬೇರೆ ಪೆಟ್ಟೂ ಇರಬಹುದು. ಸಿಲಿಂಡರ್ ಸ್ಫೋಟದಲ್ಲಿ ಎಸೆಯಲ್ಪಟ್ಟವರ ಹೊಟ್ಟೆ, ತಲೆ, ಕತ್ತು ನೋಡದೆ ಬಿಡಬೇಡಿ. ಬಂದ ಕೂಡಲೇ ರಕ್ತದೊತ್ತಡ ಬಿದ್ದಿದ್ದರೆ ಅದಕ್ಕೆ ಸುಟ್ಟ ಗಾಯ ಕಾರಣವಾಗಿರುವುದು ಅಪರೂಪ, ಎಲ್ಲೋ ರಕ್ತ ಸೋರುತ್ತಿದೆಯೆಂದು ಹುಡುಕಿ.

ಆಳ ಎಷ್ಟು, ಅಗಲ ಎಷ್ಟು

ಆಳ ತಿಳಿಯಲು ಕಣ್ಣು ಮತ್ತು ಗ್ಲೌಸ್ ಹಾಕಿದ ಒಂದು ಬೆರಳು ಸಾಕು. ಬಿಸಿಲಿಗೆ ಬೆಂದಂತೆ ಕೆಂಪಾಗಿ, ಗುಳ್ಳೆಯಿಲ್ಲದೆ, ಮುಟ್ಟಿದರೆ ಉರಿಯುವುದು ಮೊದಲ ದರ್ಜೆ. ಸುಟ್ಟ ಅಗಲ ಅಳೆಯುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು, ಆಗ ಬಿಸಿ, ಬಾವು, ನೋವನ್ನು ನೋಡಿ.

ಗುಳ್ಳೆ ಎದ್ದು, ಅದರ ಕೆಳಗೆ ಗುಲಾಬಿ ಬಣ್ಣದ ಒದ್ದೆ ಚರ್ಮವಿದ್ದು, ಬೆರಳಲ್ಲಿ ಒತ್ತಿದರೆ ಬಿಳಿಯಾಗಿ ಬಿಟ್ಟ ತಕ್ಷಣ ಬಣ್ಣ ಮರಳಿದರೆ ಅದು ಮೇಲ್ಮಟ್ಟದ ಎರಡನೇ ದರ್ಜೆ. ಗಾಳಿ ಸೋಕಿದರೂ ಕಿರುಚುವಷ್ಟು ನೋವು, ಆದರೆ ಎರಡು ವಾರದ ಆಸುಪಾಸಿನಲ್ಲಿ ತಾನಾಗಿ ಮಾಯುತ್ತದೆ. ಅದೇ ಜಾಗ ಕಡುಗೆಂಪು–ಬಿಳಿ ಮಚ್ಚೆ ಮಚ್ಚೆಯಾಗಿದ್ದು, ಒತ್ತಿದ ಮೇಲೆ ಬಣ್ಣ ನಿಧಾನವಾಗಿ ಮರಳಿದರೆ ಅಥವಾ ಮರಳದೇ ಇದ್ದರೆ ಆಳದ ಎರಡನೇ ದರ್ಜೆ. ಮೂರು ವಾರ ಮೀರುತ್ತದೆ, ಕಸಿ ಬೇಕಾಗಬಹುದು. ಮೂರನೇ ದರ್ಜೆಯ ಚರ್ಮ ಬಿಳಿ, ಕಂದು ಅಥವಾ ಕರಕಲು, ಮುಟ್ಟಿದರೆ ಚಕ್ಕಳದಂತೆ ಒಣಗಿ ಬಿರುಸು. ನೋವು ತಿಳಿಸುವ ನರಗಳೇ ಸುಟ್ಟಿರುವುದರಿಂದ ಅಲ್ಲಿ ನೋವಿರುವುದಿಲ್ಲ. "ನೋವೇ ಇಲ್ಲ, ಸಣ್ಣದೇ ಇರಬೇಕು" ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುವ ಗಾಯವೇ ಬಹಳ ಸಲ ಎಲ್ಲಕ್ಕಿಂತ ಆಳದ್ದು. ಮೊದಲ ದಿನ ಕಂಡ ಆಳ ಮೂರನೇ ದಿನಕ್ಕೆ ಬದಲಾಗಬಹುದು, ಮತ್ತೆ ನೋಡಲೇಬೇಕು.

ಅಗಲಕ್ಕೆ ಒಂಬತ್ತರ ಸೂತ್ರ. ದೊಡ್ಡವರಲ್ಲಿ ತಲೆ–ಕತ್ತು ಶೇ. 9, ಒಂದೊಂದು ಕೈ 9, ಮುಂಡದ ಮುಂಭಾಗ 18, ಬೆನ್ನು–ಪೃಷ್ಠ 18, ಒಂದೊಂದು ಕಾಲು 18, ಜನನಾಂಗ 1. ಒಟ್ಟು ನೂರು. 1951ರಲ್ಲಿ ಸ್ಕಾಟ್ಲೆಂಡಿನ ಸರ್ಜನ್ ಅಲೆಕ್ಸಾಂಡರ್ ವಾಲೇಸ್ ಪ್ರಕಟಿಸಿದ ಈ ಲೆಕ್ಕ ಈಗಲೂ ನಡೆಯುತ್ತಿದೆ, ಆದರೆ ಮಕ್ಕಳಿಗೆ ಹಾಗೇ ಹಾಕಬಾರದು. ಒಂದು ವರ್ಷದ ಮಗುವಿನ ತಲೆಯೇ ಶೇ. 18, ಒಂದೊಂದು ಕಾಲು 14ರಷ್ಟೇ. ಆಮೇಲೆ ವರ್ಷಕ್ಕೊಂದರಂತೆ ತಲೆಯಿಂದ ಕಳೆದು, ಅರ್ಧರ್ಧ ಕಾಲುಗಳಿಗೆ ಸೇರಿಸುತ್ತ ಹೋಗಿ, ಹತ್ತು ವರ್ಷಕ್ಕೆ ದೊಡ್ಡವರ ಲೆಕ್ಕಕ್ಕೆ ಬರುತ್ತದೆ. ಚದುರಿದ ಸಣ್ಣ ಗಾಯಗಳಿಗೆ ರೋಗಿಯದೇ ಅಂಗೈ ಅಳತೆ: ಬೆರಳುಗಳನ್ನು ಜೋಡಿಸಿದ ಪೂರ್ತಿ ಹಸ್ತ ಸುಮಾರು ಶೇ. 1. ಅಳೆಯಬೇಕಾದ್ದು ರೋಗಿಯ ಹಸ್ತದಲ್ಲಿ. ಎರಡು ವರ್ಷದ ಮಗುವನ್ನು ದೊಡ್ಡವರ ಹಸ್ತದಿಂದ ಅಳೆದರೆ ಲೆಕ್ಕವೆಲ್ಲ ತಪ್ಪುತ್ತದೆ. ಬೆನ್ನು ನೋಡಲು ರೋಗಿಯನ್ನು ಮಗ್ಗುಲಿಗೆ ಹೊರಳಿಸಿ. ನೋಡಿದ್ದು ಮುಗಿದ ತಕ್ಷಣ ಹೊದಿಸಿ.

ಡ್ರಿಪ್ಪಿನ ಲೆಕ್ಕ

ದೊಡ್ಡ ಗಾಯದಲ್ಲಿ ಮೈಯ ಎಲ್ಲ ಕಡೆಯ ಸೂಕ್ಷ್ಮ ರಕ್ತನಾಳಗಳೂ ಸೋರತೊಡಗುತ್ತವೆ. ದೊಡ್ಡವರಲ್ಲಿ ಶೇ. 15–20, ಮಕ್ಕಳಲ್ಲಿ ಶೇ. 10 ಮೀರಿದರೆ ಡ್ರಿಪ್ ಬೇಕೇ ಬೇಕು. ಎರಡು ದಪ್ಪ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ನಳಿಕೆ) ಹಾಕಿ. ಸುಡದ ಚರ್ಮ ಸಿಗದಿದ್ದರೆ ಸುಟ್ಟ ಚರ್ಮದ ಮೂಲಕವೂ ಹಾಕಬಹುದು, ಅದೂ ಆಗದಿದ್ದರೆ ಮೂಳೆಯೊಳಗಿನ ಸೂಜಿ. ದ್ರವ ರಿಂಗರ್ ಲ್ಯಾಕ್ಟೇಟ್. ಇಷ್ಟು ದೊಡ್ಡ ಪ್ರಮಾಣದಲ್ಲಿ ನಾರ್ಮಲ್ ಸಲೈನ್ ಹೋದರೆ ರಕ್ತದ ಆಮ್ಲತೆ ಏರುತ್ತದೆ.

ಲೆಕ್ಕ ಹಾಕುವಷ್ಟು ಪುರುಸೊತ್ತಿಲ್ಲದ ಮೊದಲ ನಿಮಿಷಗಳಲ್ಲಿ ಹದಿಮೂರು ವರ್ಷ ಮೇಲ್ಪಟ್ಟವರಿಗೆ ಗಂಟೆಗೆ 500 ಮಿ.ಲೀ., ಆರರಿಂದ ಹನ್ನೆರಡಕ್ಕೆ 250, ಐದು ಮತ್ತು ಅದಕ್ಕಿಂತ ಚಿಕ್ಕವರಿಗೆ 125. ಆಮೇಲೆ ತೂಕ, ಶೇಕಡಾವಾರು ಹಿಡಿದು ಸರಿಯಾದ ಲೆಕ್ಕ.

ಹಳೆಯ ಪಾರ್ಕ್‌ಲ್ಯಾಂಡ್ ಸೂತ್ರ, ಅಂದರೆ ಅಮೆರಿಕದ ಡಲ್ಲಾಸ್ ನಗರದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ಯಾಕ್ಸ್‌ಟರ್ 1960ರ ದಶಕದಲ್ಲಿ ರೂಪಿಸಿದ್ದು, ತೂಕ × ಸುಟ್ಟ ಶೇಕಡಾ × 4 ಮಿ.ಲೀ. ಎನ್ನುತ್ತದೆ. ಅಷ್ಟು ಕೊಟ್ಟು, ಅದಕ್ಕಿಂತಲೂ ಹೆಚ್ಚು ಹರಿಸಿ, ಶ್ವಾಸಕೋಶ ಹೊಟ್ಟೆಗಳಲ್ಲಿ ನೀರು ತುಂಬಿದ ಅನುಭವದಿಂದ ಈಗ ದೊಡ್ಡವರಿಗೆ 2, ಮಕ್ಕಳಿಗೆ 3, ವಿದ್ಯುತ್ ಗಾಯಕ್ಕೆ 4 ಮಿ.ಲೀ. ನಿಂದ ಶುರುಮಾಡುತ್ತಾರೆ. ಬಂದದ್ದರಲ್ಲಿ ಅರ್ಧ ಮೊದಲ ಎಂಟು ಗಂಟೆಯಲ್ಲಿ, ಉಳಿದರ್ಧ ಮುಂದಿನ ಹದಿನಾರು ಗಂಟೆಯಲ್ಲಿ. ಎಂಟು ಗಂಟೆ ಎಣಿಸುವುದು ಸುಟ್ಟ ಕ್ಷಣದಿಂದ, ಆಸ್ಪತ್ರೆ ಬಾಗಿಲಿಗೆ ಬಂದ ಕ್ಷಣದಿಂದಲ್ಲ.

ಒಂದು ಉದಾಹರಣೆ. ಐವತ್ತು ಕೆ.ಜಿ. ತೂಕದ ಹೆಂಗಸು, ಎದೆ–ಹೊಟ್ಟೆಯ ಮುಂಭಾಗ ಪೂರ್ತಿ ಮತ್ತು ಬಲಗೈ ಪೂರ್ತಿ ಸುಟ್ಟಿದೆ: 18 + 9 = 27. 2 × 50 × 27 = 2,700 ಮಿ.ಲೀ. ಅರ್ಧ 1,350. ಬೆಳಿಗ್ಗೆ ಏಳಕ್ಕೆ ಸುಟ್ಟು ಹತ್ತಕ್ಕೆ ಬಂದಿದ್ದಾರೆ, ದಾರಿಯಲ್ಲಿ ಏನೂ ಕೊಟ್ಟಿಲ್ಲ. ಎಂಟರಲ್ಲಿ ಉಳಿದದ್ದು ಐದು ಗಂಟೆ. 1,350 ಭಾಗಿಸು 5, ಗಂಟೆಗೆ 270 ಮಿ.ಲೀ. ಮಿಲಿಲೀಟರಿಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ 90 ಹನಿ. ಮಧ್ಯಾಹ್ನ ಮೂರರ ನಂತರ ಉಳಿದ 1,350ನ್ನು ಹದಿನಾರು ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 85.

ಇದು ಶುರುವಿನ ಅಂದಾಜು ಮಾತ್ರ. ಅಲ್ಲಿಂದ ಮುಂದೆ ದಾರಿ ತೋರಿಸುವುದು ಮೂತ್ರದ ಚೀಲ. ಕ್ಯಾತಿಟರ್ (ಮೂತ್ರದ ಕೊಳವೆ) ಹಾಕಿ ಗಂಟೆಗೊಮ್ಮೆ ಅಳೆಯಿರಿ: ದೊಡ್ಡವರಿಗೆ ಕೆ.ಜಿ.ಗೆ ಅರ್ಧ ಮಿ.ಲೀ., ಅಂದರೆ ಗಂಟೆಗೆ 30ರಿಂದ 50. ಚಿಕ್ಕ ಮಕ್ಕಳಿಗೆ ಕೆ.ಜಿ.ಗೆ 1. ಕಡಿಮೆಯಿದ್ದರೆ ವೇಗ ಸ್ವಲ್ಪ ಏರಿಸಿ, ಹೆಚ್ಚಿದ್ದರೆ ಸ್ವಲ್ಪ ಇಳಿಸಿ. ಒಮ್ಮೆಲೇ ಬಾಟಲಿ ಖಾಲಿ ಮಾಡುವುದು ಅಥವಾ ಡ್ರಿಪ್ ಮುಚ್ಚಿಬಿಡುವುದು ಎರಡೂ ತಪ್ಪು. ಪುಟ್ಟ ಮಕ್ಕಳಿಗೆ ಈ ಲೆಕ್ಕದ ಜೊತೆಗೆ ಮಾಮೂಲಿ ದಿನದ ಪ್ರಮಾಣವನ್ನು ಗ್ಲೂಕೋಸ್ ಇರುವ ದ್ರವದಲ್ಲಿ ಬೇರೆಯಾಗಿ ಕೊಡಿ, ಅವರ ರಕ್ತದ ಸಕ್ಕರೆ ಬೇಗ ಬೀಳುತ್ತದೆ. ಒಂದು ಕಾಗದದಲ್ಲಿ ಗಂಟೆವಾರು ಒಳಗೆ ಹೋದದ್ದು, ಹೊರಗೆ ಬಂದದ್ದು ಬರೆದಿಡಿ. ರೋಗಿ ಬೇರೆ ಆಸ್ಪತ್ರೆಗೆ ಹೋಗುವಾಗ ಆ ಕಾಗದ ಜೊತೆಗೇ ಹೋಗಬೇಕು.

ನೋವು, ಟಿಟಿ, ಡ್ರೆಸ್ಸಿಂಗ್

ನೋವಿಗೆ ಔಷಧ ಕೊಡಲು ಜಿಪುಣತನ ಬೇಡ. ಮಾರ್ಫಿನ್ ಇದ್ದರೆ ಕೆ.ಜಿ.ಗೆ 0.1 ಮಿ.ಗ್ರಾಂ. ಲೆಕ್ಕದಲ್ಲಿ, ಸಣ್ಣ ಸಣ್ಣ ಪ್ರಮಾಣವಾಗಿ ರಕ್ತನಾಳಕ್ಕೇ, ಉಸಿರಾಟ ಗಮನಿಸುತ್ತ ಕೊಡಿ. ಸ್ನಾಯುವಿಗೆ ಚುಚ್ಚಿದರೆ ರಕ್ತಸಂಚಾರ ಕಡಿಮೆಯಿರುವಾಗ ಔಷಧ ಅಲ್ಲೇ ಉಳಿದು, ಡ್ರಿಪ್ ಹೋದ ಮೇಲೆ ಒಟ್ಟಿಗೆ ರಕ್ತಕ್ಕೆ ಬಂದು ಉಸಿರು ನಿಲ್ಲಿಸಬಹುದು. ಧನುರ್ವಾಯುವಿನ ಚುಚ್ಚುಮದ್ದು (ಟಿಟಿ) ಆಗಿದೆಯೇ ಎಂದು ಎಲ್ಲರನ್ನೂ ವಿಚಾರಿಸಿ. ಶೇ. 20 ಮೀರಿದವರಿಗೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕುವುದು ಒಳ್ಳೆಯದು.

ಸೋಂಕು ಬರಬಾರದೆಂದು ಮೊದಲ ದಿನವೇ ಆಂಟಿಬಯಾಟಿಕ್ ಚುಚ್ಚುವ ರೂಢಿ ಇನ್ನೂ ಹೋಗಿಲ್ಲ. ಅದರಿಂದ ಸೋಂಕು ತಡೆಯುವುದಿಲ್ಲ, ಔಷಧಿಗೆ ಬಗ್ಗದ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಸೋಂಕಿನ ಲಕ್ಷಣ ಕಂಡಾಗ ಕೊಡಬೇಕು. ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ದೊಡ್ಡಾಸ್ಪತ್ರೆಗೆ ಕಳಿಸುವ ರೋಗಿಗೆ ಹಚ್ಚಬೇಡಿ. ಅಲ್ಲಿಯವರು ಆಳ ನೋಡಲು ಆ ಬಿಳಿಯನ್ನೆಲ್ಲ ಮತ್ತೆ ಒರೆಸಬೇಕಾಗುತ್ತದೆ. ಮುಖಕ್ಕೆ, ನವಜಾತ ಶಿಶುವಿಗೆ, ದಿನ ತುಂಬಿದ ಗರ್ಭಿಣಿಗೆ, ಸಲ್ಫಾ ಅಲರ್ಜಿ ಇರುವವರಿಗೆ ಅದು ಬೇಡವೇ ಬೇಡ. ಕಳಿಸುವವರಿಗೆ ಒಣ, ಸ್ವಚ್ಛ ಹೊದಿಕೆ ಸಾಕು. ಒದ್ದೆ ಬಟ್ಟೆ ಸುತ್ತಿ ಮೂರು ಗಂಟೆ ಆಂಬುಲೆನ್ಸಿನಲ್ಲಿ ಕೂರಿಸಿದರೆ ಮೈ ತಣ್ಣಗಾಗಿ ಹೋಗುತ್ತದೆ.

ಕರೆಂಟು, ಆಸಿಡ್, ಸುಣ್ಣ

ವಿದ್ಯುತ್ ಗಾಯ ಹೊರಗೆ ಬಿಲ್ಲೆಯಷ್ಟು, ಒಳಗೆ ಇಡೀ ತೋಳಿನಷ್ಟು ಇರಬಹುದು. ಪಂಪ್‌ಸೆಟ್ಟಿನ ಬಳಿ ಬಿದ್ದವರನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡಿ. ಹರಿದು ಬಿದ್ದ 11 ಕೆವಿ ತಂತಿಯಾದರೆ ಕೋಲು ಹಿಡಿದು ಹತ್ತಿರ ಹೋಗಬೇಡಿ, ದೂರ ನಿಂತು 1912ಕ್ಕೆ ಕರೆ ಮಾಡಿ ಲೈನ್ ಕಟ್ ಮಾಡಿಸಿ. ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ, ಒಳಹೋದ ಮತ್ತು ಹೊರಬಂದ ಗುರುತುಗಳ ಹುಡುಕಾಟ. ಒಂಬತ್ತರ ಸೂತ್ರ ಇಲ್ಲಿ ಗಾಯವನ್ನು ಕಡಿಮೆಯೇ ತೋರಿಸುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಬರುತ್ತಿದೆಯೆಂದು ಅರ್ಥ. ದೊಡ್ಡವರಲ್ಲಿ ಗಂಟೆಗೆ 75–100 ಮಿ.ಲೀ. ಮೂತ್ರ ಬರುವಂತೆ ಡ್ರಿಪ್ ಏರಿಸಿ. ತೋಳು ಕಲ್ಲಿನಂತೆ ಬಿಗಿದು ಬೆರಳು ಚಾಚಿದರೆ ಕಿರುಚುವ ನೋವಿದ್ದರೆ ಸರ್ಜನ್ ಬೇಕು, ನಾಳೆಗಲ್ಲ, ಈಗಲೇ.

ಆಸಿಡ್, ಕ್ಷಾರಕ್ಕೆ ಮದ್ದು ನೀರೇ, ಆದರೆ ಇಪ್ಪತ್ತು ನಿಮಿಷ ಸಾಲದು, ಅರ್ಧ ಗಂಟೆಯಿಂದ ಒಂದು ಗಂಟೆ, ಕ್ಷಾರಕ್ಕೆ ಇನ್ನೂ ಹೆಚ್ಚು. ಒಂದಕ್ಕೆ ಇನ್ನೊಂದು ಹಾಕಿ ಸರಿಮಾಡಲು ಹೋಗಬೇಡಿ, ಆ ಕ್ರಿಯೆಯಲ್ಲೇ ಬಿಸಿ ಹುಟ್ಟುತ್ತದೆ. ಒಣ ಪುಡಿಯಿದ್ದರೆ ಮೊದಲು ಕೊಡವಿ, ಆಮೇಲೆ ನೀರು. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಕಣ್ಣಿಗೆ ಹಾರಿಸಿಕೊಳ್ಳುವ ಮಕ್ಕಳ ಬಗ್ಗೆ ಹೇಳಲೇಬೇಕು. ಸುಣ್ಣ ಕ್ಷಾರ, ಕಣ್ಣಿನ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ರೆಪ್ಪೆ ಅಗಲಿಸಿ ಹಿಡಿದು ಅಲ್ಲೇ ನೀರು ಹರಿಸಿ, ಕಾಣುವ ಚೂರುಗಳನ್ನು ತೊಳೆದು ತೆಗೆಯಿರಿ. ತೊಳೆಯದೆ ಆಸ್ಪತ್ರೆಗೆ ಓಡಿದರೆ ದಾರಿಯಲ್ಲೇ ದೃಷ್ಟಿ ಹೋಗಬಹುದು. ದೀಪಾವಳಿಯ ಪಟಾಕಿ ಕಣ್ಣಿಗೆ ಬಡಿದಿದ್ದರೆ ಮಾತ್ರ ಉಜ್ಜದೆ, ಒತ್ತದೆ, ಕಾಗದದ ಲೋಟ ಮುಚ್ಚಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ಮಿಂಟೋ ಆಸ್ಪತ್ರೆ ಪ್ರತಿ ದೀಪಾವಳಿಯಲ್ಲೂ ಇಂಥವರನ್ನು ನೋಡುತ್ತದೆ.

ಯಾರನ್ನು ಕಳಿಸಬೇಕು, ಏನು ಬರೆಯಬೇಕು

ಎರಡನೇ ದರ್ಜೆ ಶೇ. 10 ಮೀರಿದ್ದು, ಮೂರನೇ ದರ್ಜೆ ಎಷ್ಟೇ ಇರಲಿ, ಮುಖ, ಕೈ, ಪಾದ, ಜನನಾಂಗ, ಕೀಲುಗಳ ಮೇಲಿನದು, ಸುತ್ತಲೂ ಸುಟ್ಟದ್ದು, ಹೊಗೆ ಕುಡಿದದ್ದು, ವಿದ್ಯುತ್ ಮತ್ತು ರಾಸಾಯನಿಕ ಗಾಯ, ಸಕ್ಕರೆ ಅಥವಾ ಹೃದ್ರೋಗ ಇರುವವರು, ಪುಟ್ಟ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು: ಇವರೆಲ್ಲ ಬರ್ನ್ಸ್ ವಾರ್ಡ್ ಇರುವ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ವಿಕ್ಟೋರಿಯಾದಲ್ಲಿ ಮಹಾಬೋಧಿ ಸುಟ್ಟ ಗಾಯಗಳ ವಿಭಾಗ ಮತ್ತು ಚರ್ಮ ಬ್ಯಾಂಕ್ ಇವೆ. ಹೊರಡುವ ಮೊದಲು ಫೋನ್ ಮಾಡಿ ಹಾಸಿಗೆ ಖಾತ್ರಿ ಮಾಡಿಕೊಳ್ಳಿ.

ಪೊಲೀಸ್ ಬರಲಿ ಎಂದು ಚಿಕಿತ್ಸೆ ತಡೆಯುವಂತಿಲ್ಲ. 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆಸಿಡ್ ದಾಳಿಗೊಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ವಿಧಿಸುತ್ತದೆ. ಮುಂಗಡ ಕೇಳಿದರೆ ಈ ಕಲಮನ್ನು ಹೆಸರಿಸಿ ಕೇಳಿ.

ಸೀರೆಗೆ ಬೆಂಕಿ ತಗುಲಿತು, ಸ್ಟೌ ಸಿಡಿಯಿತು ಎಂದು ಅತ್ತೆಮನೆಯವರು ಹೇಳುತ್ತಿರುವಾಗ ಸುಟ್ಟ ಹೆಂಗಸು ಮಾತಿಲ್ಲದೆ ಮಲಗಿರುವುದನ್ನು ಈ ಕೆಲಸದಲ್ಲಿ ಇರುವವರೆಲ್ಲ ಕಂಡಿದ್ದಾರೆ. ಮನೆಯವರನ್ನು ಹೊರಗೆ ಕಳಿಸಿ, ಅವಳೊಬ್ಬಳೇ ಇದ್ದಾಗ ಕೇಳಿ. ಅವಳು ಹೇಳಿದ ಮಾತನ್ನು ಅವಳ ಮಾತಿನಲ್ಲೇ, ಹೊತ್ತಿನ ಸಮೇತ ಕೇಸ್ ಶೀಟಿನಲ್ಲಿ ಬರೆಯಿರಿ. ಟ್ಯೂಬ್ ಹಾಕಿದ ಮೇಲೆ ಅವಳಿಗೆ ಮಾತಿರುವುದಿಲ್ಲ. ಮಗುವಿನ ಎರಡೂ ಕಾಲು ಸಾಕ್ಸ್ ತೊಟ್ಟಂತೆ ಒಂದೇ ಗೆರೆಗೆ ಬೆಂದಿದ್ದು, ಸುತ್ತ ಚಿಮ್ಮಿದ ಕಲೆ ಇಲ್ಲದಿದ್ದರೆ ಯಾರೋ ಬಿಸಿನೀರಿಗೆ ಅದ್ದಿ ಹಿಡಿದಿರಬಹುದು. ಅದನ್ನೂ ಬರೆಯಿರಿ, ತಿಳಿಸಬೇಕಾದವರಿಗೆ ತಿಳಿಸಿ.

ಮನೆಗೆ ಹೋಗಬಹುದಾದ ಸಣ್ಣ ಗಾಯ

ಸಲೈನ್ ಅಥವಾ ಸಾಬೂನು ನೀರಿನಲ್ಲಿ ಮೆಲ್ಲಗೆ ತೊಳೆದು, ಪ್ಯಾರಾಫಿನ್ ಗಾಜ್, ಅದರ ಮೇಲೆ ಮೆತ್ತನೆಯ ಪ್ಯಾಡ್, ಸಡಿಲ ಬ್ಯಾಂಡೇಜ್. ಬೆರಳುಗಳನ್ನು ಒಂದೊಂದಾಗಿ ಸುತ್ತಿ, ಒಟ್ಟಿಗೆ ಸುತ್ತಿದರೆ ಅಂಟಿಕೊಂಡು ಮಾಯುತ್ತವೆ. ಕೈಯಾದರೆ ಎರಡು ದಿನ ಎದೆಯ ಮಟ್ಟಕ್ಕೆ ಎತ್ತಿಡಿ. ಎರಡು ದಿನಕ್ಕೆ ಬಂದು ತೋರಿಸಿ. ಜ್ವರ, ಇಳಿದ ನೋವು ಮತ್ತೆ ಏರುವುದು, ಹಸಿರು ಕೀವು, ದುರ್ವಾಸನೆ, ಸುತ್ತ ಕೆಂಪು ಹರಡುವುದು, ಮಗು ಹಾಲು ಬಿಟ್ಟು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಬನ್ನಿ.

ಪಥ್ಯವೆಂದು ಮೊಟ್ಟೆ, ಹಾಲು, ಬೇಳೆ ಬಿಡಿಸುವವರಿದ್ದಾರೆ. ಚರ್ಮ ಮತ್ತೆ ಕಟ್ಟಿಕೊಳ್ಳಲು ಬೇಕಾದದ್ದು ಅದೇ ಪ್ರೋಟೀನ್, ಮಾಮೂಲಿಗಿಂತ ಹೆಚ್ಚೇ ತಿನ್ನಿಸಿ. ಕತ್ತು ಸುಟ್ಟವರಿಗೆ ದಿಂಬು ಕೊಡಬೇಡಿ, ಗದ್ದ ಎದೆಗೆ ಅಂಟಿ ಮಾಯುತ್ತದೆ. ಕಂಕುಳು ಸುಟ್ಟಿದ್ದರೆ ತೋಳನ್ನು ದೂರ ಚಾಚಿ ಮಲಗಿಸಿ. ಆರಾಮವೆನಿಸುವ ಮಡಚಿದ ಭಂಗಿಯೇ ಮುಂದೆ ಕೀಲು ಸೆಟೆಯುವ ಭಂಗಿ. ಕೀಲು ಆಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಮೊದಲ ದಿನಗಳಿಂದಲೇ ಹೇಳಿಕೊಡಬೇಕು. ಗಾಯ ಪೂರ್ತಿ ಮಾಗಿದ ಮೇಲೆ ದಿನಕ್ಕೆರಡು ಮೂರು ಸಲ ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿಂದ ನೀವಿ, ಒಂದು ವರ್ಷವಾದರೂ ಬಿಸಿಲು ತಾಗದಂತೆ ಮುಚ್ಚಿ. ಮೂರು ವಾರಕ್ಕೂ ಮಾಯದ ಗಾಯವನ್ನು ಡ್ರೆಸ್ಸಿಂಗ್ ಮಾಡಿಸುತ್ತ ಕೂರದೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಕಲೆ ಉಬ್ಬಿ, ಗಟ್ಟಿಯಾಗಿ, ತುರಿಸತೊಡಗಿದರೆ ಅಳತೆಗೆ ಹೊಲಿದ ಒತ್ತುಬಟ್ಟೆ ಬೇಕಾಗುತ್ತದೆ. ಅದನ್ನು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ, ತಿಂಗಳುಗಟ್ಟಲೆ ಹಾಕಿಕೊಳ್ಳಬೇಕು. ಮಕ್ಕಳು ಬೆಳೆದಂತೆ ಅಳತೆಯನ್ನು ಮತ್ತೆ ತೆಗೆಸಬೇಕು.